ಪುರಾವೆ ಬರುವ ತನಕ ಯಾರು ಕಾಯಬೇಕು?

ಸರ್ಕಾರಗಳ ಹೇಳಿಕೆಗಳಲ್ಲಿ ನನಗೆ ಸದಾ ಕಿರಿಕಿರಿ ಮಾಡುವ ವಾಕ್ಯಗಳು ಎರಡು. ಒಂದು, ‘ನಾವು ವಿಜ್ಞಾನ ಹೇಳಿದಂತೆ ನಡೆಯುತ್ತಿದ್ದೇವೆ’. ಇನ್ನೊಂದು, ‘ಈ ಬಗ್ಗೆ ಸಾಕಷ್ಟು ಪುರಾವೆಗಳಿಲ್ಲ’. ಮೊದಲನೆಯದು ಹೊಣೆಯನ್ನು ವಿಜ್ಞಾನಿಗಳ ತಲೆಗೆ ಕಟ್ಟುತ್ತದೆ. ಎರಡನೆಯದು ಯಾರ ತಲೆಗೂ ಕಟ್ಟುವುದಿಲ್ಲ. ಎರಡರಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಎರಡನೆಯದೇ, ಏಕೆಂದರೆ ಕಿವಿಗೆ ಅದು ಬಹಳ ಪ್ರಾಮಾಣಿಕವಾಗಿ ಕೇಳಿಸುತ್ತದೆ. ಪುರಾವೆಯಿಲ್ಲದೆ ತೀರ್ಪು ಕೊಡಬಾರದು ಎಂದೇ ಅಲ್ಲವೇ ನಮಗೆಲ್ಲ ಕಲಿಸಿರುವುದು? ಆದರೆ ಆ ವಾಕ್ಯದೊಳಗೆ ಬಾಯಿಬಿಟ್ಟು ಹೇಳದ ಒಂದು ತೀರ್ಪು ಆಗಲೇ ಕುಳಿತಿರುತ್ತದೆ: ಪುರಾವೆ ಬರುವ ತನಕ, ಈಗ ನಡೆಯುತ್ತಿರುವುದು ನಡೆಯುತ್ತಲೇ ಇರಲಿ. ಆ ನಡುವಿನ ಕಾಲದಲ್ಲಿ ಆಗುವ ನಷ್ಟವನ್ನು ಯಾರು ಹೊರಬೇಕು ಎಂಬುದಕ್ಕೆ ಯಾವ ಪ್ರಯೋಗಶಾಲೆಯಲ್ಲೂ ಉತ್ತರ ಸಿಗುವುದಿಲ್ಲ. ಅದನ್ನು ಯಾರೋ ಕುಳಿತು ನಿರ್ಧರಿಸಿರುತ್ತಾರೆ.

ಇದನ್ನು ಅರ್ಥ ಮಾಡಿಕೊಳ್ಳಲು ಸೀಸ ಬೆರೆಸಿದ ಪೆಟ್ರೋಲಿನ ಇತಿಹಾಸಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. 1921ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿದ್ದ ಥಾಮಸ್ ಮಿಡ್ಗ್ಲಿ ಎಂಬ ಎಂಜಿನಿಯರ್, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಒಂದಿಷ್ಟು ಬೆರೆಸಿದರೆ, ಇಂಧನ ಸರಿಯಾಗಿ ಉರಿಯದೆ ಎಂಜಿನ್ನಿನಲ್ಲಿ ಏಳುವ ಬಡಿತದ ಸದ್ದು ನಿಲ್ಲುತ್ತದೆ ಎಂದು ಕಂಡುಕೊಂಡ. ಸೀಸ ವಿಷವೆಂಬುದು ಆಗಲೂ ಹಳೆಯ ಸುದ್ದಿಯೇ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ತೈಲ ಸಂಸ್ಕರಣಾಗಾರದಲ್ಲಿ ಈ ಸಂಯುಕ್ತವನ್ನು ತಯಾರಿಸುತ್ತಿದ್ದ ಕಾರ್ಮಿಕರಿಗೆ ಬುದ್ಧಿಭ್ರಮಣೆಯಾಗತೊಡಗಿತು. 5 ಮಂದಿ ಸತ್ತರು, ಹಲವರು ಆಸ್ಪತ್ರೆ ಸೇರಿದರು. ಜನ ಗಾಬರಿಯಾದಾಗ ಮಿಡ್ಗ್ಲಿ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು, ಅದರ ಆವಿಯನ್ನು ಮೂಸಿ ತೋರಿಸಿದ. ಅದಕ್ಕೂ ಮುನ್ನ ಅವನೇ ಸೀಸದ ಬಾಧೆಗೆ ತುತ್ತಾಗಿ ಕೆಲಸಬಿಟ್ಟು ವಿಶ್ರಾಂತಿ ಪಡೆದಿದ್ದ ಎಂಬುದನ್ನು ಅಂದು ಹೇಳಲಿಲ್ಲ.

1925ರ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯ ಸೇವೆಯ ಮುಖ್ಯಸ್ಥರು, ಈ ವಿಚಾರವಾಗಿ ಒಂದು ಸಮಾವೇಶ ಕರೆದರು. ಹಾರ್ವರ್ಡಿನ ಆಲಿಸ್ ಹ್ಯಾಮಿಲ್ಟನ್ ಮತ್ತು ಯೇಲ್‌ನ ಯಾಂಡೆಲ್ ಹೆಂಡರ್ಸನ್ ವಿರೋಧಿಸಿದರು. ಕಾರ್ಖಾನೆಯ ಒಳಗಿನ ವಿಷವನ್ನಾದರೂ ಹತೋಟಿಯಲ್ಲಿ ಇಡಬಹುದು, ದೇಶದ ಪ್ರತಿಯೊಂದು ಬೀದಿಯಲ್ಲಿ ಅದನ್ನು ಹೇಗೆ ಹತೋಟಿಯಲ್ಲಿ ಇಡುತ್ತೀರಿ ಎಂಬುದು ಹ್ಯಾಮಿಲ್ಟನ್ ಅವರ ಪ್ರಶ್ನೆಯ ಸಾರ. ಒಂದು ತಜ್ಞರ ಸಮಿತಿ ರಚನೆಯಾಯಿತು. ಕೆಲವೇ ತಿಂಗಳಲ್ಲಿ ಅದು ಓಹಾಯೋದ ಚಾಲಕರು, ಗ್ಯಾರೇಜ್ ಕೆಲಸಗಾರರು ಸೇರಿದಂತೆ ಸುಮಾರು 250 ಜನರನ್ನು ಪರೀಕ್ಷಿಸಿ, ನಿಷೇಧಿಸಲು ಸದ್ಯಕ್ಕೆ ಸಾಕಷ್ಟು ಆಧಾರವಿಲ್ಲ ಎಂದು 1926ರಲ್ಲಿ ವರದಿ ಕೊಟ್ಟಿತು. ಆ ವರದಿಯನ್ನು ಬೈಯುವವರು ಬಹಳ. ನನಗೇನೋ ಸಮಿತಿಯವರು ಅಪ್ರಾಮಾಣಿಕರು ಅನ್ನಿಸುವುದಿಲ್ಲ. ಬಳಕೆ ಹೆಚ್ಚಿದಂತೆ ನಿಧಾನವಾಗಿ ಬೇರೂರುವ ಕಾಯಿಲೆಗಳು ಕಾಣಿಸಬಹುದು, ಆದ್ದರಿಂದ ಅಧ್ಯಯನ ಮುಂದುವರಿಯಬೇಕು, ಅದಕ್ಕೆ ಸರ್ಕಾರವೇ ಹಣ ಒದಗಿಸಬೇಕು ಎಂದೂ ಅವರು ಬರೆದಿದ್ದರು.

ಆ ಹಣ ಬರಲೇ ಇಲ್ಲ. ವರದಿಯ ಮೊದಲರ್ಧ ಮಾರಾಟಕ್ಕೆ ಪರವಾನಗಿಯಾಯಿತು, ಎರಡನೆಯ ಅರ್ಧ ಕಡತ ಸೇರಿತು. ಮುಂದಿನ ಸುಮಾರು ನಾಲ್ಕು ದಶಕಗಳ ಕಾಲ ಪೆಟ್ರೋಲಿನ ಸೀಸ ಮತ್ತು ಆರೋಗ್ಯದ ಬಗ್ಗೆ ನಡೆದ ಸಂಶೋಧನೆಯ ಬಹುಪಾಲು ಅದೇ ಉದ್ಯಮದ ಹಣದಿಂದ, ರಾಬರ್ಟ್ ಕೆಹೋ ಎಂಬ ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆಯಿತು. ಹಾನಿಯಿದೆ ಎನ್ನುವವರು ಸಾಬೀತು ಮಾಡಿ ತೋರಿಸಲಿ, ತೋರಿಸಿದ ದಿನ ನಿಲ್ಲಿಸೋಣ ಎಂಬುದು ಕೆಹೋ ಅವರ ನಿಲುವು. ಮೇಲ್ನೋಟಕ್ಕೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಸಾಬೀತು ಮಾಡಲು ಬೇಕಾದ ಪ್ರಯೋಗಾಲಯ, ಹಣ, ಮಾದರಿಗಳೆಲ್ಲ ಒಂದೇ ಪಕ್ಷದ ಕೈಯಲ್ಲಿದ್ದವು. ಹಾಗಿರುವಾಗ ಪುರಾವೆ ಇಲ್ಲ ಎಂದರೆ ಯಾರೂ ಹುಡುಕಲಿಲ್ಲ ಎಂದಷ್ಟೇ ಅರ್ಥ.

ಇದನ್ನು ಮುರಿದವರು ಸಾರ್ವಜನಿಕ ಆರೋಗ್ಯಕ್ಕೂ ತಮಗೂ ಸಂಬಂಧವೇ ಇಲ್ಲದ ಒಬ್ಬ ಭೂರಸಾಯನ ವಿಜ್ಞಾನಿ. ಕ್ಲೇರ್ ಪ್ಯಾಟರ್ಸನ್ ಅವರು ಉಲ್ಕಾಶಿಲೆಗಳಲ್ಲಿನ ಸೀಸದ ಐಸೋಟೋಪುಗಳನ್ನು ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ತೋರಿಸಿದವರು. ಆ ಅಳತೆಗಾಗಿ ಒದ್ದಾಡುತ್ತಿದ್ದಾಗ ಅವರಿಗೆ ಎಲ್ಲೆಲ್ಲೂ ಸೀಸವೇ ಅಡ್ಡ ಬರುತ್ತಿತ್ತು: ಗಾಳಿಯಲ್ಲಿ, ನೀರಿನಲ್ಲಿ, ಪ್ರಯೋಗಾಲಯದ ಪಾತ್ರೆಗಳಲ್ಲಿ, ಮೈಮೇಲಿನ ಬಟ್ಟೆಯಲ್ಲಿ. ಮುಂದೆ ಸಾಗರದ ಆಳದ ನೀರನ್ನೂ ಮೇಲ್ಪದರದ ನೀರನ್ನೂ, ಗ್ರೀನ್‌ಲ್ಯಾಂಡಿನ ಹಳೆಯ ಹಿಮವನ್ನೂ ಹೊಸ ಹಿಮವನ್ನೂ ಅವರು ಹೋಲಿಸಿದರು. 1965ರ ಪ್ರಬಂಧದಲ್ಲಿ ಅವರು ಎತ್ತಿದ ವಾದ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ. ಎಲ್ಲರ ರಕ್ತದಲ್ಲೂ ಇಷ್ಟು ಸೀಸ ಇದೆ, ಆದ್ದರಿಂದ ಇದು ಸಹಜ ಎನ್ನುತ್ತಿದ್ದೀರಿ. ಎಲ್ಲರಲ್ಲೂ ಇರುವುದಕ್ಕೂ ಸಹಜವಾಗಿರುವುದಕ್ಕೂ ವ್ಯತ್ಯಾಸವಿದೆ ಎಂದರು ಅವರು. ಹೋಲಿಕೆಗೆಂದು ಆರೋಗ್ಯವಂತರ ಗುಂಪೊಂದನ್ನು ಇಟ್ಟುಕೊಂಡರೆ ಆ ಗುಂಪೇ ಸೀಸ ಉಸಿರಾಡುತ್ತಿತ್ತು. ಇಂಥ ಹೋಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದರೆ ಆಶ್ಚರ್ಯವೇನು? ಇಷ್ಟಾದ ಮೇಲೂ, ಗಾಳಿಯಲ್ಲಿನ ಸೀಸವನ್ನು ಕುರಿತು 1971ರಲ್ಲಿ ವರದಿ ನೀಡಿದ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯಲ್ಲಿ ಪ್ಯಾಟರ್ಸನ್ ಅವರಿಗೆ ಜಾಗವಿರಲಿಲ್ಲ.

ತಿರುವು ಕೊಟ್ಟದ್ದು ಒಂದು ನ್ಯಾಯಾಲಯ. 1976ರಲ್ಲಿ ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯ 5-4ರ ಬಹುಮತದಿಂದ, ಜನರ ಆರೋಗ್ಯಕ್ಕೆ ಗಣನೀಯ ಅಪಾಯವಿದೆ ಎಂಬಷ್ಟು ಆಧಾರವಿದ್ದರೆ ಪರಿಸರ ಸಂರಕ್ಷಣಾ ಸಂಸ್ಥೆ ಸೀಸವನ್ನು ನಿಯಂತ್ರಿಸಬಹುದು, ಹಾನಿ ಆಗಿಯೇ ಇದೆ ಎಂದು ಮೊದಲು ಸಾಬೀತು ಮಾಡಬೇಕಾಗಿಲ್ಲ ಎಂದಿತು. ಒಂದೇ ಒಂದು ಮತ ಆಚೀಚೆ ಆಗಿದ್ದರೆ! ಗಮನಿಸಬೇಕಾದದ್ದು, ಮಕ್ಕಳ ಹಾಲುಹಲ್ಲುಗಳಲ್ಲಿನ ಸೀಸಕ್ಕೂ ಅವರ ಬುದ್ಧಿಮತ್ತೆಗೂ ನಂಟಿದೆ ಎಂದು ತೋರಿಸಿದ ಹರ್ಬರ್ಟ್ ನೀಡಲ್‌ಮನ್ ಅವರ ಪ್ರಸಿದ್ಧ ಅಧ್ಯಯನ ಪ್ರಕಟವಾದದ್ದು ಅದಾದ ಮೂರು ವರ್ಷಗಳ ಮೇಲೆ, 1979ರಲ್ಲಿ. ಅಷ್ಟರಲ್ಲಿ ಹೊಗೆ ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಕಾರುಗಳಿಗೆ ಬಂದಿತ್ತು. ಸೀಸ ಅದನ್ನು ಕೆಡಿಸುತ್ತದೆ ಎಂಬ ಕಾರಣಕ್ಕೆ ಸೀಸರಹಿತ ಪೆಟ್ರೋಲ್ ಬಂಕುಗಳಿಗೆ ಇಳಿದಿತ್ತು. ಮಕ್ಕಳ ಮಿದುಳಿಗಿಂತ ಮೊದಲು ಕಾರಿನ ಬಿಡಿಭಾಗಕ್ಕೆ ರಕ್ಷಣೆ ಸಿಕ್ಕಿತು ಎಂದು ಹೇಳಿದರೆ ವ್ಯಂಗ್ಯವಾಗುತ್ತದೆ, ಸುಳ್ಳಾಗುವುದಿಲ್ಲ. 1976ರಿಂದ 1980ರ ನಡುವೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಅಮೆರಿಕನ್ನರ ರಕ್ತದಲ್ಲಿನ ಸೀಸ ಸರಾಸರಿ ಶೇ 37ರಷ್ಟು ಇಳಿದದ್ದು ಕಂಡಿತು; ಆ ಇಳಿಜಾರು ಪೆಟ್ರೋಲಿನ ಸೀಸದ ಇಳಿಜಾರಿನ ಜತೆಜತೆಗೇ ಸಾಗಿತ್ತು. ಅಷ್ಟು ನಿಚ್ಚಳವಾದ ಪುರಾವೆ ದೊರಕಿದ್ದು ಸೀಸವನ್ನು ಕಡಿಮೆ ಮಾಡತೊಡಗಿದ ಮೇಲೆ. ಮೊದಲು ಪುರಾವೆ, ಆಮೇಲೆ ಕ್ರಮ ಎಂದು ಕಾದಿದ್ದರೆ ಈ ಪುರಾವೆ ಹುಟ್ಟುತ್ತಲೇ ಇರಲಿಲ್ಲ. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾದ ಬಂಕುಗಳಲ್ಲಿ ಸೀಸದ ಪೆಟ್ರೋಲಿನ ಮಾರಾಟ ನಿಂತದ್ದು 2021ರಲ್ಲಿ.

ಇದೇ ಮಿಡ್ಗ್ಲಿಯ ಇನ್ನೊಂದು ಕೊಡುಗೆ ಫ್ರಿಜ್ಜುಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು. (ಒಬ್ಬನೇ ಮನುಷ್ಯ ವಾತಾವರಣಕ್ಕೆ ಎರಡು ಸಲ ಹೀಗೆ ಮಾಡಿದ ಉದಾಹರಣೆ ಇನ್ನೊಂದಿರಲಾರದು.) ಈ ಅನಿಲಗಳು ಮೇಲಕ್ಕೇರಿ ಓಝೋನ್ ಪದರವನ್ನು ತಿನ್ನಬಲ್ಲವು ಎಂದು ರಸಾಯನ ವಿಜ್ಞಾನಿಗಳಾದ ಮೋಲಿನಾ ಮತ್ತು ರೋಲೆಂಡ್ 1974ರಲ್ಲಿ ಲೆಕ್ಕ ಹಾಕಿ ತೋರಿಸಿದರು. 1985ರಲ್ಲಿ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಮೂವರು, ಹ್ಯಾಲಿ ನಿಲ್ದಾಣದ ಅಳತೆಗಳನ್ನು ಆಧರಿಸಿ, ವಸಂತದಲ್ಲಿ ಓಝೋನ್ ವಿಪರೀತ ಕುಸಿಯುತ್ತಿದೆ ಎಂದು ವರದಿ ಮಾಡಿದರು. 1987ರ ಸೆಪ್ಟೆಂಬರ್ 16ರಂದು ಈ ಅನಿಲಗಳ ಬಳಕೆಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದಾಗ, ಆ ಕುಸಿತಕ್ಕೆ ಕಾರಣ ಇದೇ ಅನಿಲ ಎಂಬುದು ಇನ್ನೂ ಪಕ್ಕಾ ಆಗಿರಲಿಲ್ಲ. ಅದನ್ನು ಪರೀಕ್ಷಿಸುವ ವಿಮಾನಗಳು ಅದೇ ವಾರಗಳಲ್ಲಿ ಅಂಟಾರ್ಕ್ಟಿಕದ ಮೇಲೆ ಹಾರಾಡುತ್ತಿದ್ದವು. ಹೀಗಿದ್ದೂ ದೇಶಗಳು ಸಹಿ ಹಾಕಿದ್ದು ಹೇಗೆ? ಒಪ್ಪಂದದ ಮೊದಲ ರೂಪ ಬಹಳ ಸಾಧಾರಣವಾದದ್ದು, ಬಳಕೆಯನ್ನು ಅರ್ಧಕ್ಕೆ ಇಳಿಸೋಣ ಎಂಬಷ್ಟೇ. ಆದರೆ ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ ವಿಜ್ಞಾನ, ಪರಿಸರ, ತಂತ್ರಜ್ಞಾನ ಮತ್ತು ಆರ್ಥಿಕ ಮಾಹಿತಿಯನ್ನು ತಜ್ಞರಿಂದ ಪರಾಮರ್ಶಿಸಿ ನಿಯಂತ್ರಣಗಳನ್ನು ಮರುಪರಿಶೀಲಿಸಬೇಕು ಎಂಬ ವಿಧಿಯನ್ನು ಅದರೊಳಗೇ ಸೇರಿಸಿದ್ದರು. 1990ರಲ್ಲಿ ಲಂಡನ್ನಿನಲ್ಲಿ ಆ ಅರ್ಧ ಸಂಪೂರ್ಣ ನಿಲುಗಡೆಯಾಯಿತು, 1992ರಲ್ಲಿ ಕೋಪನ್‌ಹೇಗನ್ನಿನಲ್ಲಿ ಗಡುವು ಇನ್ನೂ ಹತ್ತಿರ ಬಂತು. ಮಾಂಟ್ರಿಯಲ್ ಬಗ್ಗೆ ಮಾತನಾಡುವವರೆಲ್ಲ ರಾಷ್ಟ್ರನಾಯಕರ ದೂರದೃಷ್ಟಿಯನ್ನು ಹೊಗಳುತ್ತಾರೆ. ನನ್ನ ಹೊಗಳಿಕೆ ಏನಿದ್ದರೂ ಆ ಒಣ ಕಾನೂನು ಭಾಷೆಯ ಆರನೆಯ ವಿಧಿಗೆ.

ಹಾಗಾದರೆ ಅನುಮಾನ ಬಂದ ಕೂಡಲೇ ಕ್ರಮ ಕೈಗೊಳ್ಳಬೇಕು ಎನ್ನೋಣವೇ? ಅಲ್ಲೂ ನಾನು ಹಿಂಜರಿಯುತ್ತೇನೆ. ಕಳೆದ ಶತಮಾನದ ಮಧ್ಯಭಾಗದಿಂದ ಪಾಶ್ಚಾತ್ಯ ದೇಶಗಳಲ್ಲಿ ಹಸುಗೂಸುಗಳನ್ನು ಬೋರಲಾಗಿ ಮಲಗಿಸಿ ಎಂಬ ಸಲಹೆ ಹರಡಿತು. ವಾಂತಿಯಾದರೆ ಗಂಟಲಲ್ಲಿ ಸಿಕ್ಕಿಕೊಳ್ಳದಿರಲಿ ಎಂಬ ಕಾಳಜಿ. ಕೇಳಿದವರೆಲ್ಲ ತಲೆದೂಗುವಂಥ ತರ್ಕ, ಯಾರಿಗೂ ಖರ್ಚಿಲ್ಲದ ಸಲಹೆ, ಆದ್ದರಿಂದ ಪರೀಕ್ಷಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬೋರಲು ಮಲಗುವುದಕ್ಕೂ ಶಿಶುಗಳ ಹಠಾತ್ ಸಾವಿಗೂ ನಂಟಿದೆ ಎಂದು ಸಂಶೋಧಕರು ಖಚಿತಪಡಿಸಿ, ಅಂಗಾತ ಮಲಗಿಸಿ ಎಂಬ ಪ್ರಚಾರ ಬ್ರಿಟನ್ನಿನಲ್ಲಿ ಶುರುವಾದದ್ದು 1991ರಲ್ಲಿ. ಅಂಥ ಸಾವುಗಳು ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದವು. ಆಮೇಲೆ, 2005ರಲ್ಲಿ, ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. 1970ರ ಹೊತ್ತಿಗೆ ಲಭ್ಯವಿದ್ದ ಮಾಹಿತಿಯನ್ನು ಯಾರಾದರೂ ಒಂದೆಡೆ ಇಟ್ಟು ನೋಡಿದ್ದರೆ ಅಪಾಯ ಆಗಲೇ ಗೊತ್ತಾಗುತ್ತಿತ್ತು. ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ ಮತ್ತು ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಶಿಶುಗಳ ಸಾವನ್ನು ತಪ್ಪಿಸಬಹುದಿತ್ತು ಎಂಬುದು ಅವರ ಅಂದಾಜು. ಇಲ್ಲಿ ಮುಚ್ಚಿಡುವ ಉದ್ಯಮವಿರಲಿಲ್ಲ, ಲಾಭದ ಲೆಕ್ಕವೂ ಇರಲಿಲ್ಲ. ಪುರಾವೆ ಅಲ್ಲೊಂದು ಇಲ್ಲೊಂದು ಪತ್ರಿಕೆಗಳಲ್ಲಿ ಚದುರಿ ಬಿದ್ದಿತ್ತು, ಒಟ್ಟು ಮಾಡುವುದು ಯಾರ ಕೆಲಸವೂ ಆಗಿರಲಿಲ್ಲ. ನೀತಿ ನಿರೂಪಣೆಯ ಚರ್ಚೆಗಳಲ್ಲಿ ಅತ್ಯಂತ ನೀರಸವೆನಿಸುವ ಕೆಲಸ, ಅಂದರೆ ಈಗಾಗಲೇ ಆಗಿರುವ ಅಧ್ಯಯನಗಳನ್ನು ಕ್ರಮಬದ್ಧವಾಗಿ ಜೋಡಿಸಿ ಓದುವುದು, ನನ್ನ ದೃಷ್ಟಿಯಲ್ಲಿ ಹೊಸ ಸಂಶೋಧನೆಗಿಂತ ಹೆಚ್ಚು ಜೀವ ಉಳಿಸಬಲ್ಲದು.

ಮುನ್ನೆಚ್ಚರಿಕೆಗೂ ಬೆಲೆಯಿದೆ. 2011ರ ಫುಕುಶಿಮಾ ಅಣುಸ್ಥಾವರ ಅವಘಡದ ನಂತರ ಜನರನ್ನು ತರಾತುರಿಯಲ್ಲಿ ತೆರವುಗೊಳಿಸಲಾಯಿತು. ಸ್ಥಳಾಂತರ, ಚಿಕಿತ್ಸೆ ತಪ್ಪಿದ್ದು, ಒತ್ತಡ ಮುಂತಾದ ಕಾರಣಗಳಿಂದ ಆದ ಸಾವುಗಳೆಂದು ಆ ಪ್ರಾಂತದಲ್ಲಿ ದಾಖಲಾದವು 2,000ಕ್ಕೂ ಹೆಚ್ಚು. ಅವರಲ್ಲಿ ಬಹುತೇಕರು ವೃದ್ಧರು. ವಿಕಿರಣದಿಂದ ಸುತ್ತಲಿನ ಜನರ ಆರೋಗ್ಯಕ್ಕೆ ನೇರ ಹಾನಿಯಾದದ್ದು ದಾಖಲಾಗಿಲ್ಲ ಎಂಬುದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ನಿರ್ಣಯ. ಆ ದಿನಗಳಲ್ಲಿ ಅಲ್ಲಿ ಕುಳಿತು ಆದೇಶ ಹೊರಡಿಸಬೇಕಿದ್ದವರನ್ನು ಈಗ ದೂರುವುದು ಸುಲಭ. ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿರುವ ಮುದುಕರನ್ನು ಬಸ್ಸಿಗೆ ಹತ್ತಿಸುವುದೂ ಒಂದು ಅಪಾಯವೇ, ಅದನ್ನೂ ತಕ್ಕಡಿಗೆ ಹಾಕಬೇಕು.

ಸಲಹೆಗಾರರ ಮಾತು ಮಂತ್ರಿಯ ಬಾಯಿಗೆ ಬರುವಷ್ಟರಲ್ಲಿ ಏನಾಗುತ್ತದೆ ಎಂಬುದೇ ಪ್ರತ್ಯೇಕ ವಿಷಯ. ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ ಪತ್ತೆಯಾದದ್ದು 1986ರಲ್ಲಿ. 1989ರ ಸೌತ್‌ವುಡ್ ಸಮಿತಿಯ ವರದಿ, ಇದು ಮನುಷ್ಯರ ಆರೋಗ್ಯಕ್ಕೆ ತೊಂದರೆ ಮಾಡುವ ಸಂಭವ ತೀರಾ ಕಡಿಮೆ ಎಂದಿತು. ಹಾಗೆಯೇ, ನಮ್ಮ ಈ ಅಂದಾಜು ತಪ್ಪಾದಲ್ಲಿ ಪರಿಣಾಮ ಅತ್ಯಂತ ಗಂಭೀರವಾಗಿರುತ್ತದೆ ಎಂದೂ ಬರೆಯಿತು. ಎರಡೂ ಸೇರಿದರೆ ಮಾತ್ರ ಅದು ವೈಜ್ಞಾನಿಕ ಸಲಹೆ. ಸಾರ್ವಜನಿಕರಿಗೆ ಕೇಳಿಸಿದ್ದು ಮೊದಲನೆಯದು. 1990ರಲ್ಲಿ ಕೃಷಿ ಸಚಿವರು ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳಿಗೆ ಬರ್ಗರ್ ಕೊಟ್ಟು ದನದ ಮಾಂಸ ಸುರಕ್ಷಿತ ಎಂದು ತೋರಿಸಿದರು. 1996ರ ಮಾರ್ಚಿನಲ್ಲಿ ಅದೇ ಸರ್ಕಾರ, ಮನುಷ್ಯರಲ್ಲಿ ಕಾಣಿಸಿಕೊಂಡ ಹೊಸ ಬಗೆಯ ಮಿದುಳಿನ ರೋಗಕ್ಕೂ ಈ ಹಸುಗಳಿಗೂ ಸಂಬಂಧವಿರುವ ಸಾಧ್ಯತೆ ಹೆಚ್ಚು ಎಂದು ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಆ ರೋಗದಿಂದ ಬ್ರಿಟನ್ನಿನಲ್ಲಿ 170ಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ. ತನಿಖೆ ನಡೆಸಿದ ಫಿಲಿಪ್ಸ್ ಆಯೋಗ 2000ದಲ್ಲಿ ಹೇಳಿದ್ದು ಸ್ವಾರಸ್ಯವಾಗಿದೆ: ಸರ್ಕಾರ ಜನರಿಗೆ ಸುಳ್ಳು ಹೇಳಲಿಲ್ಲ, ಜನ ಗಾಬರಿಯಾದಾರು ಎಂಬ ಭಯದಲ್ಲೇ ಮುಳುಗಿತ್ತು. ವಿಜ್ಞಾನಿಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತನಾಡುತ್ತಾರೆ ಎಂದು ಅಧಿಕಾರಸ್ಥರು ಗೊಣಗುವುದುಂಟು. ಈ ಪ್ರಕರಣದಲ್ಲಿ ಬೆಳಕು ಎರಡೂ ಕಡೆಗೆ ಬೀಳಬೇಕಿತ್ತು, ಒಂದು ಕಡೆಗೆ ಪರದೆ ಎಳೆದವರು ವಿಜ್ಞಾನಿಗಳಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ತಪ್ಪು ವಿಜ್ಞಾನದಿಂದಲೂ ಒಳ್ಳೆಯ ನೀತಿ ಹುಟ್ಟಬಹುದು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಕಾಲರಾ ನೀರಿನಿಂದ ಬರುತ್ತದೆ ಎಂದು ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತಲಿನ ಸಾವುಗಳನ್ನು ಎಣಿಸಿ ವಾದಿಸಿದಾಗ ಲಂಡನ್ನಿನ ಅಧಿಕೃತ ಆರೋಗ್ಯ ಮಂಡಳಿ ಒಪ್ಪಲಿಲ್ಲ. ದುರ್ಗಂಧದ ಗಾಳಿಯೇ ರೋಗಕ್ಕೆ ಕಾರಣ ಎಂಬುದು ಅಂದಿನ ನಂಬಿಕೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರತೊಡಗಿ ಸಂಸದರು ಮೂಗು ಮುಚ್ಚಿಕೊಂಡು ಓಡಾಡುವಂತಾದಾಗ, ಆ ದುರ್ಗಂಧವನ್ನು ಓಡಿಸಲೆಂದೇ ಜೋಸೆಫ್ ಬಝಲ್ಗೆಟ್ ಅವರ ಬೃಹತ್ ಒಳಚರಂಡಿ ಯೋಜನೆಗೆ ಹಣ ಮಂಜೂರಾಯಿತು. ಸ್ನೋ ಅದೇ ಜೂನ್‌ನಲ್ಲಿ ತೀರಿಕೊಂಡರು. 1866ರಲ್ಲಿ ಕಾಲರಾ ಮತ್ತೆ ಬಂದಾಗ ಅದು ಅಪ್ಪಳಿಸಿದ್ದು ಹೊಸ ಚರಂಡಿ ಇನ್ನೂ ಪೂರ್ಣವಾಗದ ಪೂರ್ವ ಭಾಗಕ್ಕೆ. ಸಿದ್ಧಾಂತ ತಪ್ಪು, ಕಾಮಗಾರಿ ಸರಿ. ಇದರಿಂದ ಪಾಠ ಕಲಿಯಲು ಹೋಗಬಾರದು. ಇಂಥ ಅದೃಷ್ಟ ನೀತಿಯಾಗುವುದಿಲ್ಲ.

ಸರಿಯಾದ ವಿಜ್ಞಾನದಿಂದ ಸೊರಗಿದ ನೀತಿ ಹುಟ್ಟುವುದೂ ಇದೆ. 1985ರಿಂದ 1989ರವರೆಗೆ ಟೆನೆಸೀ ರಾಜ್ಯದಲ್ಲಿ ಸಾವಿರಾರು ಮಕ್ಕಳನ್ನು ಚಿಕ್ಕ ಮತ್ತು ದೊಡ್ಡ ತರಗತಿಗಳಿಗೆ ಚೀಟಿ ಎತ್ತಿದಂತೆ ಹಂಚಿ ನಡೆಸಿದ ಪ್ರಯೋಗ, ಚಿಕ್ಕ ತರಗತಿಗಳಲ್ಲಿ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಎಂದು ತೋರಿಸಿತು. ಅದರ ಭರವಸೆಯ ಮೇಲೆ 1996ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಶಾಲೆಗಳ ಆರಂಭಿಕ ತರಗತಿಗಳನ್ನೆಲ್ಲ ಒಮ್ಮೆಗೇ 20 ಮಕ್ಕಳಿಗೆ ಇಳಿಸಲು ಹೊರಟಿತು. ಏಕಾಏಕಿ ಸಾವಿರಾರು ಶಿಕ್ಷಕರು ಬೇಕಾದರು, ಪೂರ್ಣ ತರಬೇತಿಯಿಲ್ಲದವರನ್ನೂ ನೇಮಿಸಬೇಕಾಯಿತು, ಬಡ ಪ್ರದೇಶಗಳ ಅನುಭವಿ ಶಿಕ್ಷಕರು ಅನುಕೂಲಸ್ಥ ಶಾಲೆಗಳಿಗೆ ಹೊರಟರು. ಫಲ ಸಿಕ್ಕಿತೇ ಎಂದು ಖಚಿತವಾಗಿ ಹೇಳುವುದಕ್ಕೂ ಆಗಲಿಲ್ಲ, ಏಕೆಂದರೆ ಎಲ್ಲ ಕಡೆ ಒಟ್ಟಿಗೇ ಜಾರಿ ಮಾಡಿದ್ದರಿಂದ ಹೋಲಿಸಿ ನೋಡಲು ಯಾರೂ ಉಳಿದಿರಲಿಲ್ಲ. ಟೆನೆಸೀಯ ಫಲಿತಾಂಶದೊಳಗೆ ‘ತಕ್ಕ ಶಿಕ್ಷಕರು ಸಿಗುವುದಾದರೆ’ ಎಂಬ ಷರತ್ತು ಅಡಗಿತ್ತು. ಪ್ರಬಂಧಗಳಲ್ಲಿ ಇಂಥ ಷರತ್ತುಗಳನ್ನು ಯಾರೂ ದಪ್ಪಕ್ಷರದಲ್ಲಿ ಮುದ್ರಿಸುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಮೆಕ್ಸಿಕೋದ ಪ್ರೊಗ್ರೆಸಾ. ಮಕ್ಕಳನ್ನು ಶಾಲೆಗೂ ಆರೋಗ್ಯ ತಪಾಸಣೆಗೂ ಕಳುಹಿಸುವ ಬಡ ಕುಟುಂಬಗಳಿಗೆ, ಅದರಲ್ಲೂ ತಾಯಂದಿರ ಕೈಗೆ, ನಗದು ಕೊಡುವ ಈ ಯೋಜನೆ 1997ರಲ್ಲಿ ಶುರುವಾಯಿತು. ರೂಪಿಸಿದವರಲ್ಲಿ ಪ್ರಮುಖರು ಅರ್ಥಶಾಸ್ತ್ರಜ್ಞ ಸಾಂಟಿಯಾಗೊ ಲೆವಿ. ಎಲ್ಲ ಹಳ್ಳಿಗಳಿಗೂ ಒಮ್ಮೆಗೇ ಹಣ ಸಾಲದು ಎಂಬ ಬಡತನವನ್ನೇ ಅವರು ಉಪಯೋಗಕ್ಕೆ ತಂದುಕೊಂಡರು: ಅಧ್ಯಯನಕ್ಕೆ ಆರಿಸಿದ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, ಉಳಿದವಕ್ಕೆ ಆಮೇಲೆ; ಯಾವುದು ಮೊದಲು ಎಂಬುದು ಯಾದೃಚ್ಛಿಕ. ಮೌಲ್ಯಮಾಪನ ಹೊರಗಿನವರದು. ಪ್ರೌಢಶಾಲೆಗೆ ಸೇರುವವರ, ಅದರಲ್ಲೂ ಹೆಣ್ಣುಮಕ್ಕಳ, ಸಂಖ್ಯೆ ಏರಿದ್ದು ಕಾಣಿಸಿತು. 2000ದಲ್ಲಿ 71 ವರ್ಷ ಆಳಿದ ಪಕ್ಷ ಸೋತು ಬೇರೆ ಪಕ್ಷ ಅಧಿಕಾರಕ್ಕೆ ಬಂದಾಗ, ಹಿಂದಿನವರ ಯೋಜನೆಯನ್ನು ಕಿತ್ತೆಸೆಯುವ ವಾಡಿಕೆಗೆ ವಿರುದ್ಧವಾಗಿ ಹೊಸ ಸರ್ಕಾರ ಅದನ್ನು ಹೆಸರು ಬದಲಿಸಿ ಉಳಿಸಿಕೊಂಡಿತು, ನಗರಗಳಿಗೂ ವಿಸ್ತರಿಸಿತು. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗವೂ ಇದೇ ಜಾಯಮಾನದ್ದು. ಆಸ್ಪತ್ರೆಗೆ ಬಂದವರಿಗೆ ಅಂದಾಜಿನ ಮೇಲೆ ಔಷಧ ಕೊಡುವ ಬದಲು ಯಾದೃಚ್ಛಿಕವಾಗಿ ಹಂಚಿ ದಾಖಲಿಸಿದ್ದರಿಂದ, ಅಗ್ಗದ ಹಳೆಯ ಔಷಧ ಡೆಕ್ಸಾಮೆಥಾಸೋನ್ ವೆಂಟಿಲೇಟರಿನಲ್ಲಿದ್ದ ರೋಗಿಗಳ ಸಾವನ್ನು ಮೂರನೇ ಒಂದರಷ್ಟು ಇಳಿಸುತ್ತದೆ ಎಂದೂ, ಎಲ್ಲರೂ ಮುಗಿಬಿದ್ದಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಲಾಭವಿಲ್ಲ ಎಂದೂ 2020ರ ಜೂನ್ ಹೊತ್ತಿಗೆ ಗೊತ್ತಾಯಿತು. ಪ್ರಯೋಗ ಶುರುವಾಗಿ ಆಗ ಮೂರು ತಿಂಗಳೂ ಸರಿಯಾಗಿ ತುಂಬಿರಲಿಲ್ಲ.

ಆದ್ದರಿಂದ ಯಾವುದೇ ನೀತಿಯ ಕರಡು ಓದುವಾಗ ಈಗ ನಾನು ಅದರ ಪೀಠಿಕೆಯಲ್ಲಿನ ಅಂಕಿ ಅಂಶಗಳ ಸಾಲುಗಳನ್ನು ಹಾರಿಸಿ ಮುಂದಕ್ಕೆ ಹೋಗುತ್ತೇನೆ. ಜಾರಿಯಾದ ಮೇಲೆ ಫಲಿತಾಂಶವನ್ನು ಅಳೆಯುವವರು ಯಾರು, ಅವರಿಗೆ ಹಣ ಕೊಡುವವರು ಯಾರು, ಯಾವ ಫಲಿತಾಂಶ ಬಂದರೆ ನೀತಿಯನ್ನು ಬದಲಿಸುತ್ತಾರೆ ಎಂಬ ಪುಟವನ್ನು ಹುಡುಕುತ್ತೇನೆ. ಬಹಳಷ್ಟು ಕರಡುಗಳಲ್ಲಿ ಆ ಪುಟವೇ ಇರುವುದಿಲ್ಲ.

ಇದ್ದರೂ ಅದು ನೀತಿಯನ್ನು ಕೊನೆಯವರೆಗೆ ಕಾಯುತ್ತದೆ ಎಂದೇನಿಲ್ಲ. ಎರಡು ಸಲ ಹೆಸರು ಬದಲಿಸಿಕೊಂಡು ಎರಡು ದಶಕ ನಡೆದ, ಜಗತ್ತಿನಾದ್ಯಂತ ಅನುಕರಣೆಗೆ ಒಳಗಾದ ಆ ಮೆಕ್ಸಿಕೋ ಯೋಜನೆಯನ್ನು 2019ರಲ್ಲಿ ಮತ್ತೊಂದು ಹೊಸ ಸರ್ಕಾರ ನಿಲ್ಲಿಸಿ, ಬೇರೆ ಸ್ವರೂಪದ ವಿದ್ಯಾರ್ಥಿವೇತನವನ್ನು ಜಾರಿಗೆ ತಂದಿತು. ಚುನಾವಣೆ ಗೆದ್ದ ಸರ್ಕಾರಕ್ಕೆ ಅದರ ಅಧಿಕಾರ ಖಂಡಿತ ಇತ್ತು, ಅದನ್ನು ನಾನು ಪ್ರಶ್ನಿಸುವುದಿಲ್ಲ. ನನ್ನ ತಕರಾರು ಇಷ್ಟೇ: ಹಳೆಯದನ್ನು ಶುರು ಮಾಡುವಾಗ ಇಟ್ಟುಕೊಂಡಿದ್ದಂಥ ಹೋಲಿಕೆಯ ಹಳ್ಳಿಗಳನ್ನು ಹೊಸದನ್ನು ಶುರು ಮಾಡುವಾಗ ಇಟ್ಟುಕೊಳ್ಳಲಿಲ್ಲ.